ಮಾಸ್ತರರ ಸೊನ್ನೆ

ನಮ್ಮ ಗೇಟಿನ ಎಡಗಡೆಯ ಕಂಬದ ಮೇಲೆ, ರಸ್ತೆಯಿಂದ ಮೂರು ಅಂಗುಲ ಎತ್ತರದಲ್ಲಿ, ಪೆನ್ಸಿಲಿನ ಒಂದು ಅಡ್ಡಗೆರೆ ಇದೆ. ನಾಲ್ಕು ಬೆರಳಿನಷ್ಟು ಉದ್ದ, ಎರಡೂ ತುದಿಯಲ್ಲಿ ಪುಟ್ಟ ಬಾಣದ ಗುರುತು. ಹದಿಮೂರು ವರ್ಷಗಳ ಹಿಂದೆ ಎಳೆದಾಗ ಅದು ರಸ್ತೆಯಿಂದ ಎರಡೂಕಾಲು ಅಡಿ ಮೇಲಿತ್ತು. ಆಗ ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮಂಡಿಗಿಂತ ಒಂದು ಗೇಣು ಮೇಲೆ ಬರುತ್ತಿತ್ತು. ಗೆರೆ ಕೆಳಗಿಳಿದಿಲ್ಲ. ರಸ್ತೆ ಮೇಲೆ ಬಂದಿದೆ.

ಹೋದ ವರ್ಷ ಮನೆಗೆ ಬಣ್ಣ ಹೊಡೆಯಲು ಬಂದವನು ಅದನ್ನು ಯಾರೋ ಮಕ್ಕಳು ಗೀಚಿದ್ದೆಂದು ತಿಳಿದು ಬ್ರಷ್ ಎತ್ತಿದ್ದ. ಒಳಗೆ ಪೇಪರ್ ಓದುತ್ತಿದ್ದ ಅಪ್ಪ ಬರಿಗಾಲಲ್ಲಿ ಓಡಿಬಂದರು. “ಏ ಏ, ಅದನ್ನ ಮುಟ್ಟಬ್ಯಾಡಪಾ! ಅದು ಮಾಸ್ತರ್ರ ಗೆರಿ!” ಬಣ್ಣದವನು ಹೆದರಿ, ಒಂದು ಇಟ್ಟಿಗೆಯಷ್ಟು ಜಾಗ ಬಿಟ್ಟು ಹೊಡೆದುಹೋದ. ಈಗ ನಮ್ಮ ಕಂಬ ನೋಡಿದವರೆಲ್ಲ ಬಣ್ಣ ಸಾಲದೆ ಬಂತೇನು ಎಂದು ಕೇಳುತ್ತಾರೆ. ಗೆರೆ ಎಳೆದ ದಿನ ಇದೇ ಅಪ್ಪ, “ನಮ್ಮ ಕಂಬದ ಮ್ಯಾಲ ಬರ್ಯಾಕ ಇವರ್ಯಾರು?” ಎಂದು ಎರಡು ದಿನ ಗೊಣಗಿದ್ದರು ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಮಾಸ್ತರರು ನಮ್ಮ ಎದುರು ಮನೆಯವರು. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ಹೆಸರು ನಾನು ಬರೆಯುವುದಿಲ್ಲ. ಬಡಾವಣೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅಂಚೆಯವನು ಕೂಡ ‘ಮಾಸ್ತರ್ರ ಮನಿ’ ಎಂದೇ ಕಾಗದ ಹಾಕುತ್ತಿದ್ದ. ತೆಳ್ಳಗೆ, ಎತ್ತರಕ್ಕೆ ಇದ್ದರು. ಹಣೆಯ ನಡುವೆ ಕಪ್ಪು ಅಂಗಾರದ ಗೆರೆ, ಅದರ ಕೆಳಗೆ ಕೆಂಪು ಅಕ್ಷತೆಯ ಬೊಟ್ಟು. ಅಷ್ಟು ನೆಟ್ಟಗಿನ ಅಂಗಾರವನ್ನು ನಾನು ಬೇರೆ ಯಾರ ಹಣೆಯ ಮೇಲೂ ನೋಡಿಲ್ಲ. ದಿನಾ ಬೆಳಿಗ್ಗೆ ಮನೆ ಕಟ್ಟುವ ಗೌಂಡಿಗಳ ತೂಗುಗುಂಡು ಇಳಿಬಿಟ್ಟು ಹಚ್ಚಿಕೊಳ್ಳುತ್ತಾರೆಂದು ಬಡಾವಣೆಯ ಹುಡುಗರು ಆಡಿಕೊಳ್ಳುತ್ತಿದ್ದರು.

ಸೊಟ್ಟಗಿರುವುದನ್ನು ನೋಡಿದರೆ ಅವರಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಬೇರೆಯವರಿಗೆ ಹಲ್ಲುನೋವು ಬಂದರೆ ಹೇಗೋ ಹಾಗೆ. ಅಂಗಡಿಯ ಬೋರ್ಡು ಒಂದು ಕಡೆ ಇಳಿದಿದ್ದರೆ ಆ ಅಂಗಡಿಯಲ್ಲಿ ಅಕ್ಕಿ ತರುತ್ತಿರಲಿಲ್ಲ. ಅವರ ಹೆಂಡತಿ ಒಮ್ಮೆ ನಮ್ಮ ಅಜ್ಜಿಯ ಎದುರು ಹೇಳಿದ್ದರು: “ನನ್ನ ಮದುವ್ಯಾಗ ಏನಾಗಿತ್ತು ಗೊತ್ತದೇನ್ರಿ? ಇನ್ನೇನು ತಾಳಿ ಕಟ್ಟಬೇಕು, ‘ತಡೀರಿ, ಕೂಡೋ ಮಣಿ ಸೊಟ್ಟ ಅದ’ ಅಂತ ಎದ್ದು ನಿಂತ್ರು. ನಮ್ಮಪ್ಪಗ ಎದಿ ಒಡದಂಗಾತು. ವರದಕ್ಷಿಣಿಗೆ ನಿಂತಾರ ಅಂತ ತಿಳಕೊಂಡಿದ್ರು.” ಆಮೇಲೆ ಮಣೆಯ ಕೆಳಗೆ ಒಂದು ವೀಳ್ಯದೆಲೆ ಮಡಿಸಿಟ್ಟು, ಕೂತು, ತಾಳಿ ಕಟ್ಟಿದರಂತೆ.

ನಮ್ಮ ಬಡಾವಣೆ ರಾಯಚೂರಿನ ಅಂಚಿನಲ್ಲಿದೆ. ಹಿಂದೆ ಇದು ಹತ್ತಿ ಬೆಳೆಯುವ ಎರೆ ಹೊಲವಾಗಿತ್ತು. ಎರೆ ಮಣ್ಣು ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ, ಮಳೆಯಲ್ಲಿ ಉಬ್ಬುತ್ತದೆ. “ಎರಿ ಭೂಮಿ ಮ್ಯಾಲ ಮನಿ ಕಟ್ಟೂದಂದ್ರ ಎಮ್ಮಿ ಬೆನ್ನ ಮ್ಯಾಲ ಸಂಸಾರ ಹೂಡಿದಂಗ. ಅದು ಯಾವಾಗ ಮಗ್ಗಲು ಬದಲಸ್ತದೋ ಅದಕ್ಕೇ ಗೊತ್ತಿಲ್ಲ” ಎನ್ನುತ್ತಿದ್ದರು ಮಾಸ್ತರರು. ಇಲ್ಲಿ ಮೊದಲು ಮನೆ ಕಟ್ಟಿದವರು ಅವರೇ. ಆಮೇಲೆ ಎದ್ದ ಪ್ರತಿಯೊಂದು ಮನೆಯ ಬುನಾದಿಗೂ ಕರೆಯದಿದ್ದರೂ ಹೋಗಿ ನಿಂತವರು. ಅವರ ಕೈಯಲ್ಲಿ ಯಾವಾಗಲೂ ಒಂದು ಲೆವೆಲ್ ಪೈಪು ಇರುತ್ತಿತ್ತು. ಅದು ಬೆರಳು ದಪ್ಪದ, ಮೂವತ್ತು ಮೊಳ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ. ಒಳಗೆ ನೀರು ತುಂಬಿ, ಎರಡೂ ತುದಿಗಳನ್ನು ಎಷ್ಟೇ ದೂರ ಒಯ್ದು ಹಿಡಿದರೂ ಎರಡು ಕಡೆಯ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಯಾವ ಮನೆ ಎತ್ತರ, ಯಾವುದು ತಗ್ಗು ಎನ್ನುವುದು ಅದರಿಂದ ತಿಳಿಯುತ್ತದೆ. ಗೌಂಡಿಗಳ ಬಳಿಯೂ ಆ ಪೈಪು ಇರುತ್ತದೆ. ಆದರೆ ಅವರು ಅದನ್ನು ಕೆಲಸ ಮುಗಿದ ಮೇಲೆ ಸುತ್ತಿಡುತ್ತಾರೆ.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಒಂದು ತುದಿಯನ್ನು ಗುರುತಿಗೆ ಹಿಡಿದು ಅಲ್ಲಾಡದೆ ನಿಲ್ಲಬೇಕು, ಇನ್ನೊಬ್ಬರು ಇನ್ನೊಂದು ತುದಿಯೊಂದಿಗೆ ತಿರುಗಬೇಕು. ನಾವು ಈ ಬಡಾವಣೆಗೆ ಬಂದ ಮೇಲೆ ನಿಲ್ಲುವ ಕೆಲಸ ನನ್ನದಾಯಿತು. ನಾನು ಅವರ ಹೊಸ್ತಿಲ ಬಳಿ ಗೋಡೆಯಲ್ಲಿ ಕೊರೆದ ಗುರುತಿಗೆ ಪೈಪು ಹಿಡಿದು ನಿಲ್ಲುತ್ತಿದ್ದೆ. ಅವರು ರಸ್ತೆಯಾಚೆಯಿಂದ ಕೂಗುತ್ತಿದ್ದರು: “ಕೂತ್ತೇನು?” ನೀರು ತೂಗಾಡುವುದನ್ನು ಬಿಟ್ಟು ಸ್ಥಿರವಾಯಿತೇ ಎಂದು ಅರ್ಥ. ನಾನು “ಕೂತ್ರಿ” ಎನ್ನಬೇಕು. ಅದಕ್ಕಿಂತ ಹೆಚ್ಚಿನ ಮಾತು ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆಯಲಿಲ್ಲ. ಮನೆಗೆ ಬಂದವರೆಲ್ಲ “ಹುಡುಗಿ ಮಾತೇ ಆಡಂಗಿಲ್ಲಲ್ಲ” ಎಂದು ನನ್ನ ಬಗ್ಗೆ ಅವ್ವನಿಗೆ ಮರುಕದಿಂದ ಹೇಳುತ್ತಿದ್ದ ಕಾಲ ಅದು. ಮಾಸ್ತರರೊಬ್ಬರೇ ಅದನ್ನು ಗುಣ ಎಂದು ಹೇಳಿದವರು. “ಮಾತಾಡೋರ ಕೈ ಅಲ್ಲಾಡ್ತದ ತಂಗಿ. ನೀ ಹಿಡದ್ರ ನೀರು ಲಗೂನ ಕೂಡ್ತದ.”

ಎಲ್ಲ ಅಳತೆಗಳೂ ಶುರುವಾಗುತ್ತಿದ್ದದ್ದು ಅವರ ಹೊಸ್ತಿಲಿನಿಂದ. ಅದು ಸೊನ್ನೆ. ಅವರ ಬಳಿ ಒಂದು ಉದ್ದನೆಯ ರಟ್ಟಿನ ನೋಟ್‌ಬುಕ್ ಇತ್ತು. ಅದರಲ್ಲಿ ಬಡಾವಣೆಯ ನಲವತ್ತೊಂದು ಮನೆಗಳ ಹೊಸ್ತಿಲೂ ಸೊನ್ನೆಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿಟ್ಟಿದ್ದರು. ಯಾರಿಗೆ ಅದು ಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಇಡೀ ನೋಟ್‌ಬುಕ್ ತೋರಿಸುತ್ತಾರೆಂಬ ಭಯ.

ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮದು ಮಾನ್ವಿ ತಾಲೂಕಿನ ಕವಿತಾಳದ ಕಡೆಯ ಮನೆತನ. ಅಜ್ಜ ಕಲ್ಲು ಒಡೆಯುತ್ತಿದ್ದ, ಅಜ್ಜಿ ರಾಯಚೂರಿನಲ್ಲಿ ಕಟ್ಟಡಗಳ ಮೇಲೆ ಸಿಮೆಂಟಿನ ಪುಟ್ಟಿ ಹೊರುತ್ತಿದ್ದಳು. ಅಪ್ಪ ಓದಿ ಅಂಚೆ ಕಚೇರಿಯಲ್ಲಿ ಗುಮಾಸ್ತರಾದರು. ಮೂವತ್ತು-ನಲವತ್ತರ ಸೈಟು ತೆಗೆದುಕೊಂಡು, ಸಾಲ ಮಾಡಿ ಮನೆ ಶುರು ಮಾಡಿದಾಗ ಅಪ್ಪನಿಗೆ ಇದ್ದದ್ದು ಒಂದೇ ಆಸೆ. ಮಂಡಿ ಹಿಡಿದಿದ್ದ ತನ್ನ ತಾಯಿ ಒಂದೇ ಮೆಟ್ಟಿಲು ಹತ್ತಿ ಸ್ವಂತ ಮನೆಯೊಳಗೆ ಹೋಗಬೇಕು. ಬುನಾದಿ ಒಂದಡಿ ಎತ್ತರ ಎಂದು ಗೌಂಡಿಗೆ ಹೇಳಿಯಾಗಿತ್ತು.

ಮಾಸ್ತರರು ಪೈಪು ಹೆಗಲಿಗೆ ಹಾಕಿಕೊಂಡು ಬಂದರು. “ಒಂದಡಿ ಸಾಲಂಗಿಲ್ಲ. ಮೂರಡಿ ಎತ್ತರಸ್ರಿ.”

“ಮೂರಡಿ ಯಾಕ್ರಿ ಸರ್? ನಿಮ್ಮನಿ ಒಂದಡಿನ ಅದಲ್ಲ.”

“ನನ್ನ ಮನಿ ವಿಚಾರ ಬ್ಯಾರೆ. ರೋಡು ಮ್ಯಾಲ ಬರ್ತದ. ಒಮ್ಮೆ ಮರಂ ಮಣ್ಣು ಹಾಕ್ತಾರ, ಒಮ್ಮೆ ಡಾಂಬರ್ ಹಾಕ್ತಾರ, ಆಮ್ಯಾಲ ಸಿಮೆಂಟ್. ಹಳೇದು ಕೆತ್ತಿ ತಗಿಯೋ ಮಂದಿ ಅಲ್ಲ. ಹಳೇದರ ಮ್ಯಾಲ ಹೊಸಾದು, ಹೊಸಾದರ ಮ್ಯಾಲ ಮತ್ತೊಂದು. ಈ ಹುಡುಗಿಗೆ ಕೂದಲ ಬೆಳ್ಳಗಾಗೂದರಾಗ ರೋಡು ಎಲ್ಲಿಗೆ ಬರ್ತದ ತೋರಸ್ಲೇನು?” ಎಂದವರೇ ಕಂಬಕ್ಕೆ ಸ್ಕೇಲು ಹಿಡಿದು ಆ ಗೆರೆ ಎಳೆದರು. ಸಾಮಾನು ಕಳುವಾಗಬಾರದೆಂದು ಕಾಂಪೌಂಡನ್ನೂ ಗೇಟಿನ ಕಂಬವನ್ನೂ ಮೊದಲೇ ಎಬ್ಬಿಸಿದ್ದೆವು, ಕಂಬಕ್ಕೆ ಪ್ಲಾಸ್ಟರ್ ಮಾಡಿ ಮೂರೇ ದಿನ ಆಗಿತ್ತು.

ಅಪ್ಪನಿಗೆ ಸಿಟ್ಟು ಬಂತು. ಅದು ಬರೀ ಎತ್ತರದ ಸಿಟ್ಟಲ್ಲ. ನಾವು ಹೇಗೆ ಕೂಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಿಸಿಕೊಂಡೇ ಬಂದ ಮನೆತನ ನಮ್ಮದು. ಸ್ವಂತ ಮನೆ ಕಟ್ಟುವಾಗಲೂ ಎದುರು ಮನೆಯ ಅಂಗಾರದವರು ಬಂದು ಹೇಳಬೇಕೇ ಎಂದು ಅಪ್ಪನ ಮನಸ್ಸಿನಲ್ಲಿತ್ತು. “ನಮಗೂ ತಿಳೀತದ ಸರ್” ಎಂದಷ್ಟೇ ಹೇಳಿದರು.

ಆಗ ಇಟ್ಟಿಗೆಯ ರಾಶಿಯ ಮೇಲೆ ಕೂತಿದ್ದ ಅಜ್ಜಿ ಬಾಯಿ ಹಾಕಿದಳು. “ಮೂರಡಿ ಎಬ್ಬಸು.”

“ಯವ್ವಾ, ನಿನ್ನ ಮಂಡಿ...”

“ನನ್ನ ಮಂಡಿ ನಾಳಿ ಸುಡತಾವು. ಮನಿ ಇರತದ. ಐವತ್ತು ಮನಿಗಿ ಪುಟ್ಟಿ ಹೊತ್ತೀನಿ ನಾನು. ರೋಡು ಎಲ್ಲಿ ಬರತದ ಅಂತ ನನಗ ಗೊತ್ತಿಲ್ಲೇನು? ಮಾಸ್ತರ ಖರೆ ಹೇಳಾಕತ್ತಾನ.” ಆಮೇಲೆ ದನಿ ತಗ್ಗಿಸಿ, ಆದರೆ ಮಾಸ್ತರರಿಗೆ ಕೇಳುವಷ್ಟೇ ತಗ್ಗಿಸಿ, “ತನ್ನ ಮನಿ ಮುಣಗೂದು ಗೊತ್ತಾಗಿ ಕಲತಾನ” ಎಂದಳು.

ಮೂರಡಿ ಎಬ್ಬಿಸಿದೆವು. ಆರು ಮೆಟ್ಟಿಲು. ಓಣಿಯವರು ನಮ್ಮ ಮನೆಗೆ ‘ಗುಡ್ಡದ ಮನಿ’ ಎಂದು ಹೆಸರಿಟ್ಟರು. ಅಜ್ಜಿ ದಿನಾ ಆರು ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಮಾಸ್ತರರನ್ನು ಒಂದೊಂದು ಮಾತು ಬೈದು ಹತ್ತುತ್ತಿದ್ದಳು. ಆರನೆಯದಕ್ಕೆ ಬೈಗುಳ ಮುಗಿಯುತ್ತಿತ್ತು. ನೋಟ್‌ಬುಕ್ಕಿನಲ್ಲಿ ನಮ್ಮ ಹೆಸರಿನ ಮುಂದೆ ‘ಸೊನ್ನೆಗಿಂತ ಎರಡಡಿ ಮೇಲೆ’ ಎಂದು ದಾಖಲಾಯಿತು.

ಗೃಹಪ್ರವೇಶಕ್ಕೆ ಮಾಸ್ತರರು ಬಂದು ಗೇಟಿನಲ್ಲೇ ನಿಂತು ಹಾರೈಸಿ ಹೋದರು. ಒಳಗೆ ಬರಲಿಲ್ಲ. ಆದರೆ ತೆರೆದ ಬಾಗಿಲಿನಿಂದ ಅವರಿಗೆ ನಡುಮನೆಯ ಗೋಡೆ ಕಾಣಿಸಿತ್ತು. ಮರುದಿನ ಸಂಜೆ ಸುತ್ತಿಗೆ, ಒಂದು ಮೊಳೆ ಹಿಡಿದು ನೇರವಾಗಿ ಒಳಗೆ ಬಂದರು. “ರಾತ್ರಿ ನಿದ್ದಿ ಬರಲಿಲ್ಲರೀ. ನಿಮ್ಮ ಬುದ್ಧನ ಫೋಟೋ ಅರ್ಧ ಅಂಗುಲ ಎಡಕ್ಕ ವಾಲ್ಯಾದ.” ಕುರ್ಚಿ ಹತ್ತಿ, ಮೊಳೆ ಕಿತ್ತು, ಬೇರೆ ಹೊಡೆದು, ಫೋಟೋ ನೆಟ್ಟಗೆ ಮಾಡಿ ಕೆಳಗಿಳಿದರು. ಅವ್ವ ಚಹಾ ತಂದಳು. “ಈಗಷ್ಟೇ ಆಗ್ಯಾದವಾ” ಎಂದು ಹೋಗಿಬಿಟ್ಟರು.

“ಗೋಡಿ ಮುಟ್ಟತಾನ, ಕಪ್ಪು ಮುಟ್ಟಾಂಗಿಲ್ಲ” ಎಂದಳು ಅಜ್ಜಿ. “ಇರಲಿ ಬಿಡು, ಗೋಡಿ ನೆಟ್ಟಗಾತು.”

ಅಂದಿನಿಂದ ಚಹಾಕ್ಕೆ ಅವರು ಹೇಳಿದ ನೆಪಗಳನ್ನು ಅಜ್ಜಿ ಬೆರಳಲ್ಲಿ ಎಣಿಸಿಟ್ಟಿದ್ದಳು. ಪಿತ್ತ, ಏಕಾದಶಿ, ಈಗಷ್ಟೇ ಆಗ್ಯಾದ, ಡಾಕ್ಟರು ಬ್ಯಾಡಂದಾರ, ಹಲ್ಲು ಜುಮ್ ಅಂತದ. ಅವರು ಬಂದಾಗಲೆಲ್ಲ ಅವ್ವ ಚಹಾ ತರುವುದನ್ನೂ ಬಿಡಲಿಲ್ಲ, ಅವರು ನೆಪ ಹೇಳುವುದನ್ನೂ ಬಿಡಲಿಲ್ಲ. ಅಜ್ಜಿ ಮುಂದೆ ಕೂತು, “ಇವತ್ತ ಯಾವುದಪಾ, ಪಿತ್ತನೋ ಹಲ್ಲೋ?” ಎಂದು ಕೇಳುತ್ತಿದ್ದಳು. ಮಾಸ್ತರರು ನಾಚಿಕೊಂಡು ನಕ್ಕು, ಎದುರಿನ ಕಿಟಕಿಯ ಚೌಕಟ್ಟನ್ನು ಪರೀಕ್ಷಿಸತೊಡಗುತ್ತಿದ್ದರು.

ರಸ್ತೆ ಅವರು ಹೇಳಿದಂತೆಯೇ ಮೇಲೆ ಬಂತು. ಮೊದಲ ಸಲ ಹತ್ತು ಅಂಗುಲ. ನಾವು ಅಂಗಳಕ್ಕೆ ಮರಂ ಮಣ್ಣು ಹಾಕಿಸಿ ರಸ್ತೆಯ ಮಟ್ಟಕ್ಕೆ ತಂದೆವು. ಅಜ್ಜಿಗೆ ಹೆಚ್ಚುಕಮ್ಮಿ ಎರಡು ಮೆಟ್ಟಿಲು ಕಡಿಮೆಯಾಯಿತು. ಎರಡು ಬೈಗುಳವೂ ಕಡಿಮೆಯಾಯಿತು. ಎರಡನೆಯ ಸಲ ಐದು ಅಂಗುಲ. ಆಗ ಮಾಸ್ತರರ ಹೊಸ್ತಿಲು ರಸ್ತೆಗಿಂತ ಮೂರು ಅಂಗುಲ ಕೆಳಗೆ ಹೋಯಿತು. ಬಾಗಿಲಿಗೆ ಅಡ್ಡ ಒಂದು ಪರ್ಸಿ ಕಲ್ಲಿನ ಚಪ್ಪಡಿ ನಿಲ್ಲಿಸಿದರು. ಅವರ ಮನೆಗೆ ಹೋಗುವವರೆಲ್ಲ ಅದನ್ನು ದಾಟುವಾಗ ಒಂದು ಕಾಲು ಎತ್ತಬೇಕು, ಕೆಳಗೆ ನೋಡಬೇಕು. ದೊಡ್ಡ ಮಳೆ ಬಂದರೆ ನೀರು ಕಲ್ಲಿನ ಸಂದಿಯಿಂದ ಒಳಗೆ ಹೋಗುತ್ತಿತ್ತು. ಆದರೆ ಮನೆಗೆ ನೀರು ಬಂತು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಕೊಡೆ ಹಿಡಿದು, ಧೋತರ ಮಂಡಿಯವರೆಗೆ ಎತ್ತಿಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. “ಮಳ್ಯಾಗ ನಿಮ್ಮನಿ ಲೆವೆಲ್ ಹೆಂಗ ಅದ ನೋಡ್ಲಿಕ್ಕೆ ಬಂದೀನಿ” ಎನ್ನುತ್ತಿದ್ದರು. ಎರಡು ತಾಸು ನೋಡುತ್ತಿದ್ದರು. ಎದುರಿನಲ್ಲಿ ಅವರ ಹೆಂಡತಿ ಮತ್ತು ಮಗ ಪುಟ್ಟಿಯಿಂದ ನೀರು ಹೊರಗೆ ಚೆಲ್ಲುವುದು ನಮ್ಮೆಲ್ಲರಿಗೂ ಕಾಣಿಸುತ್ತಿತ್ತು.

ಮಗ ಮಾನ್ವಿಯಲ್ಲಿ ಶಾಲಾ ಮಾಸ್ತರ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುವವರು. ತಂದೆಯಷ್ಟೇ ತೆಳ್ಳಗೆ, ಆದರೆ ಸೊಟ್ಟಗಿದ್ದದ್ದನ್ನು ನೋಡಿಯೂ ಊಟ ಮಾಡಬಲ್ಲ ಮನುಷ್ಯ. ಅವರು ಎಷ್ಟೋ ಸಲ ಕೇಳಿದ್ದರು, “ಅಪ್ಪಾ, ನೆಲಾ ಎತ್ತರಸೋಣು. ಬಾಗಲಾ ಮ್ಯಾಲ ಮಾಡೋಣು. ರೊಕ್ಕ ನಾ ಹಾಕ್ತೀನಿ.”

ಮಾಸ್ತರರ ಉತ್ತರ ಒಂದೇ: “ಸೊನ್ನಿ ಎತ್ತರಸ್ಲಿಕ್ಕೆ ಬರ್ತದೇನೋ?”

ಇದು ಹಟವೆಂದು ಎಲ್ಲರೂ ತಿಳಿದಿದ್ದರು. ನೋಟ್‌ಬುಕ್ ನೋಡಿದ್ದ ನನಗೆ ಮಾತ್ರ ಅದು ಹಟವಲ್ಲ, ಅದಕ್ಕಿಂತ ಕಷ್ಟದ್ದು ಎಂದು ಗೊತ್ತಿತ್ತು. ಅವರ ಹೊಸ್ತಿಲು ಮೇಲೆ ಹೋದರೆ ನಲವತ್ತೊಂದು ಮನೆಗಳ ಲೆಕ್ಕವೂ ಸುಳ್ಳಾಗುತ್ತದೆ. ಇಪ್ಪತ್ತು ವರ್ಷದ ಕೆಲಸ. ರಸ್ತೆಯ ನೀರು ತನ್ನನ್ನು ಮುಳುಗಿಸಿದರೂ ಸರಿ, ಸೊನ್ನೆ ಇದ್ದಲ್ಲೇ ಇರಲಿ. ಬಡಾವಣೆಯಲ್ಲಿ ಯಾರೂ ಕೇಳದ ಲೆಕ್ಕಕ್ಕಾಗಿ ಒಬ್ಬ ಮನುಷ್ಯ ತನ್ನ ಅಡುಗೆಮನೆಯನ್ನು ನೆನೆಯಲು ಬಿಟ್ಟಿದ್ದರು. ಹೆಂಡತಿ ಜೋಳದ ಡಬ್ಬಿಗಳನ್ನು ಒಂದೊಂದೇ ಮೇಲಿನ ಕಪಾಟಿಗೆ ಏರಿಸುತ್ತ, “ಇವರ ಸೊನ್ನಿ ನನ್ನ ಜ್ವಾಳಕ್ಕ ಬೂಸ್ಟು ತಂತು” ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಮೂರನೆಯ ಸಲ ರಸ್ತೆ ಬರುತ್ತದೆಂದು ಸುದ್ದಿಯಾಯಿತು. ಈ ಸಲ ಸಿಮೆಂಟ್, ಒಂಬತ್ತು ಅಂಗುಲ. ಹಳೆಯದನ್ನು ಕೆತ್ತಿ ತೆಗೆದು ಹಾಕಿದರೆ ಮಾಸ್ತರರ ಮನೆ ಉಳಿಯುತ್ತದೆ. ಅದರ ಮೇಲೇ ಹಾಕಿದರೆ ಹೊಸ್ತಿಲು ಒಂದಡಿ ಕೆಳಗೆ ಹೋಗುತ್ತದೆ. ಅಷ್ಟಾದ ಮೇಲೆ ಯಾವ ಪರ್ಸಿ ಕಲ್ಲೂ ನಿಲ್ಲದು. ಆ ಹೊತ್ತಿಗೆ ನಾನು ಭೂಗೋಳದಲ್ಲಿ ಎಂ.ಎ. ಮುಗಿಸಿ ದೇವದುರ್ಗದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಭಾನುವಾರಗಳಲ್ಲಿ ಅವರ ಪೈಪಿನ ತುದಿ ಹಿಡಿಯುವುದು ಮಾತ್ರ ತಪ್ಪಿರಲಿಲ್ಲ. ಇಬ್ಬರೂ ಸೇರಿ ಮೂರು ಭಾನುವಾರ ಅಳೆದೆವು. ಅವರು ಅರ್ಜಿ ಬರೆದರು. ಅರ್ಜಿ ಎನ್ನುವುದಕ್ಕಿಂತ ಅದು ಚಿತ್ರ. ರಸ್ತೆಯನ್ನು ಕೇಕಿನಂತೆ ಕತ್ತರಿಸಿ ಒಳಗಿನ ಪದರಗಳನ್ನು ತೋರಿಸಿದ್ದರು. ಎರೆ ಮಣ್ಣು ಕಪ್ಪು, ಮರಂ ಕೆಂಪು, ಡಾಂಬರು ಬೂದು. ಅಂಚಿನಲ್ಲಿ ತಮ್ಮ ಮನೆ, ಅದರ ಹೊಸ್ತಿಲಿಗೆ ಒಂದು ಚಿಕ್ಕ ಸೊನ್ನೆ.

ಕಚೇರಿಗೆ ನಾನೂ ಹೋಗಿದ್ದೆ. ಮೇಜಿನ ಹಿಂದಿದ್ದ ಅಧಿಕಾರಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ನನಗೆ ಆಸೆ ಹುಟ್ಟಿತು.

“ಭಾಳ ಚಂದ ಬಿಡಸೀರಿ ಸರ್,” ಎಂದರು. “ಒಂದು ಮಾತು ಕೇಳ್ಲೇನು, ತಪ್ಪು ತಿಳೀಬ್ಯಾಡ್ರಿ. ನಮ್ಮ ಮಗಳಿಗೆ ಸಾಲ್ಯಾಗ ಹೃದಯದ ಚಿತ್ರ ಬರಕೊಂಡು ಬಾ ಅಂದಾರ. ಸೋಮವಾರ ಕೊಡಬೇಕು...”

ಅರ್ಜಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆವು. ಭಾನುವಾರ ಹೋಗಿ ನೋಡಿದರೆ ಅವರು ಹೃದಯ ಬಿಡಿಸುತ್ತಿದ್ದರು. ಶುದ್ಧ ರಕ್ತಕ್ಕೆ ಕೆಂಪು, ಅಶುದ್ಧಕ್ಕೆ ನೀಲಿ.

“ಯಾಕ್ರಿ?” ಎಂದೆ. ನನಗೆ ಸಿಟ್ಟು ಬಂದಿತ್ತು.

“ಆ ಹುಡುಗಿದೇನು ತಪ್ಪದ?” ಎಂದರು. ಆಮೇಲೆ, “ಎಡಗಡಿ ಕೋಣಿ ಸೊಟ್ಟ ಬಂತೇನು ನೋಡು” ಎಂದು ಹಾಳೆ ತಿರುಗಿಸಿದರು.

ಹೃದಯ ಸೋಮವಾರ ಹೋಯಿತು. ರಸ್ತೆ ಅದರ ಮುಂದಿನ ವಾರ ಬಂತು. ಕೆತ್ತಲಿಲ್ಲ. “ಕೆತ್ತೂದು ಎಸ್ಟಿಮೇಟ್‌ನ್ಯಾಗ ಇಲ್ಲರೀ ಅಜ್ಜಾರ” ಎಂದ ಗುತ್ತಿಗೆದಾರನ ಕಡೆಯವನು. ಮಾಸ್ತರರು ರಸ್ತೆಯ ಮಧ್ಯೆ ನಿಂತರು. ಈಗ ಇವರು ಅಡ್ಡ ಮಲಗುತ್ತಾರೆ ಎಂದು ಅಪ್ಪ ಚಪ್ಪಲಿ ಹಾಕಿಕೊಂಡು ಹೊರಟರು. ಆದರೆ ಮಾಸ್ತರರು ನೋಡುತ್ತಿದ್ದದ್ದು ಕೂಲಿಯವರು ಕಟ್ಟಿದ ದಾರವನ್ನು. “ಏ, ದಾರ ತಪ್ಪು ಕಟ್ಟೀರಿ. ನಡುವ ಎತ್ತರ ಇಡ್ರೋ, ನೀರು ಎರಡೂ ಮಗ್ಗಲಾ ಚರಂಡಿಗೆ ಹೋಗಬೇಕು!” ಎಂದು ದಾರ ಕಸಿದುಕೊಂಡರು. ಇಡೀ ದಿನ ಬಿಸಿಲಲ್ಲಿ ನಿಂತು, ತಮ್ಮ ಮನೆಯ ಮುಂದಿನ ರಸ್ತೆಯನ್ನು ತಾವೇ ಮಟ್ಟ ನೋಡಿ ಹಾಕಿಸಿದರು. ನಮ್ಮ ಓಣಿಯಲ್ಲಿ ಅದೊಂದು ತುಂಡಿನಲ್ಲಿ ಇವತ್ತಿಗೂ ನೀರು ನಿಲ್ಲುವುದಿಲ್ಲ.

“ತನ್ನ ಮನಿ ಮುಣಗಸೂ ರೋಡಿಗಿ ತಾನ ದಾರ ಹಿಡದ ನೋಡವಾ,” ಎಂದಳು ಅಜ್ಜಿ. ಅವಳ ಧ್ವನಿಯಲ್ಲಿ ಅವತ್ತು ತಮಾಷೆ ಪೂರ್ತಿ ಇರಲಿಲ್ಲ.

ಹತ್ತು ದಿನ ಕಳೆದು ಮಳೆ ಬಂತು. ಅದೂ ಮಧ್ಯಾಹ್ನ, ಅದೂ ಭಾನುವಾರ. ಪರ್ಸಿ ಕಲ್ಲು ಒಂದು ಗಳಿಗೆಯಲ್ಲಿ ಮಲಗಿತು. ಅವರ ಹೆಂಡತಿಯನ್ನು ಅವ್ವ ಕೈಹಿಡಿದು ನಮ್ಮಲ್ಲಿಗೆ ಕರೆತಂದಳು. ಮಗ ಮತ್ತು ಅಪ್ಪ ನೀರು ಎತ್ತಿಹಾಕಿದರು. ಮಾಸ್ತರರು ಎಲ್ಲರಿಗಿಂತ ಕೊನೆಗೆ ಬಂದರು. ನೋಟ್‌ಬುಕ್ಕನ್ನು ಹಾಲಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದರು. ಹಣೆಯ ಅಂಗಾರ ಮಳೆಗೆ ಇಳಿದು ಮೂಗಿನವರೆಗೆ ಬಂದಿತ್ತು. ಮೊದಲ ಬಾರಿ ಅದು ಸೊಟ್ಟಗಿತ್ತು. ನಾವು ಯಾರೂ ಹೇಳಲಿಲ್ಲ.

ಅವರು ಒಳಗೆ ಬರದೆ ಮೇಲಿನ ಮೆಟ್ಟಿಲ ಮೇಲೆ ಕೂತರು. ನಮ್ಮ ಮನೆಗೆ ಆಗ ಉಳಿದಿದ್ದದ್ದೇ ಎರಡು ಮೆಟ್ಟಿಲು. ಅಪ್ಪ ತೊಯ್ದು ತೊಪ್ಪೆಯಾಗಿ ವಾಪಸು ಬಂದು, “ಒಳಗ ಬರ್ರಿ ಸರ್” ಎಂದರು.

“ಒಳಗ ಇರಲಿ. ನಿಮ್ಮದೊಂದು ಅಪ್ಪಣಿ ಬೇಕಿತ್ತು.”

“ಏನ್ರಿ ಸರ್? ಎಷ್ಟು ದಿನ ಬೇಕಾದ್ರೂ ಇರ್ರಿ. ಅದಕ್ಯಾಕ ಅಪ್ಪಣಿ?”

“ಇರೂದಲ್ಲರೀ. ನಿಮ್ಮ ಹೊಸ್ತಿಲಾ ಬೇಕು.” ಅವರು ಚೀಲ ಬಿಚ್ಚಿ ನೋಟ್‌ಬುಕ್ ತೆಗೆದರು. “ಸೊನ್ನಿ ಇಲ್ಲಿಗೆ ತರಬೇಕಂತೀನಿ. ಇನ್ನ ಮ್ಯಾಲ ಎಲ್ಲಾ ಅಳತಿ ನಿಮ್ಮ ಹೊಸ್ತಿಲದಿಂದ. ನೀವು ಹೂಂ ಅಂದ್ರ.”

ಅಪ್ಪನಿ‌ಗೆ ಸೊನ್ನೆ ಎಂದರೆ ಏನೆಂದು ಗೊತ್ತಿತ್ತು. ಮಾಸ್ತರರು ಏನು ಕೇಳುತ್ತಿದ್ದಾರೆಂದೂ ಗೊತ್ತಾಯಿತು. ಅಪ್ಪ ತೊಯ್ದ ಅಂಗಿಯ ತುದಿ ಹಿಂಡುತ್ತ ಹೊಸ್ತಿಲನ್ನೇ ನೋಡಿದರು. ನಮ್ಮ ಮನೆತನದಲ್ಲಿ ಮಾತು ಬರದವಳು ನಾನೊಬ್ಬಳೇ ಅಲ್ಲ ಎಂದು ನನಗೆ ಅವತ್ತು ತಿಳಿಯಿತು.

ಕೊನೆಗೆ ಅಜ್ಜಿಯೇ ಹೇಳಿದಳು. “ಹೂಂ ಅನ್ನೋ. ಹೊಸ್ತಿಲಾ ಏನ್ ಸವದು ಹೋಗತದೇನು?”

“ಹೂಂ ರೀ ಸರ್,” ಎಂದರು ಅಪ್ಪ.

ಅವ್ವ ಚಹಾ ತಂದಳು. ಮಳೆಯಲ್ಲಿ ನಡುಗುತ್ತಿದ್ದ ಮನುಷ್ಯ ಆ ಕಪ್ಪನ್ನು ನೋಡಿದರು. ನಾವೆಲ್ಲ ಅವರನ್ನು ನೋಡಿದೆವು. “ಹಲ್ಲು ಜುಮ್ ಅಂತದವಾ” ಎಂದರು. ಅಜ್ಜಿ ಆ ಕಪ್ಪನ್ನು ತಾನೇ ಎತ್ತಿಕೊಂಡು ಕುಡಿಯುತ್ತ, “ಚಾ ಒಂದು ಬಿಟ್ಟು ಎಲ್ಲಾ ತಗೊಂಡಿ ನೋಡು ಮಾಸ್ತರಾ” ಎಂದಳು. ಅವರ ಹೆಂಡತಿ, ಅಡುಗೆಮನೆಯ ಬಾಗಿಲ ಬಳಿ ಗಂಡನಿಗೆ ಬೆನ್ನು ಮಾಡಿ ಕೂತು, ತಮ್ಮ ಕಪ್ಪನ್ನು ಆಗಲೇ ಮುಗಿಸಿದ್ದರು.

ಆ ಮೇಲಿನ ಒಂದು ತಿಂಗಳು ಮಾಸ್ತರರು ನಲವತ್ತೊಂದು ಮನೆಗಳ ಲೆಕ್ಕವನ್ನೂ ಹೊಸದಾಗಿ ಬರೆದರು. ಸೊನ್ನೆ ಎರಡಡಿ ಮೇಲೆ ಬಂದದ್ದರಿಂದ ಹೆಚ್ಚಿನ ಮನೆಗಳೆಲ್ಲ ಅದಕ್ಕಿಂತ ಕೆಳಗೆ ಹೋದವು. ಅವರು ಮನೆಮನೆಗೆ ಹೋಗಿ, “ನಿಮ್ಮದು ಎಂಟಂಗುಲ ಕೆಳಗ ಹೋಗ್ಯಾದ್ರಿ” ಎಂದು ತಿಳಿಸಿ ಬಂದರು. ಕೆಲವರು ಮುನಿಸಿಕೊಂಡರು. ನಮ್ಮ ಮನೆಯಲ್ಲಿ ಬೇರೆ ಥರದ ತೊಂದರೆ ಶುರುವಾಯಿತು. ಯಾರಾದರೂ ಹೊಸ್ತಿಲ ಮೇಲೆ ಕೂತರೆ ಅಪ್ಪ, “ಅಲ್ಲಿ ಕೂಡಬ್ಯಾಡ್ರಿ, ಸವೀತದ” ಎನ್ನತೊಡಗಿದರು. ಬಾಗಿಲ ಪಕ್ಕದ ಗೋಡೆಯಲ್ಲಿ ಮಾಸ್ತರರು ಕೊರೆದ ಗುರುತಿನ ಸುತ್ತ ಕ್ಯಾಲೆಂಡರು ತೂಗುಹಾಕಲು ಅವ್ವನಿಗೆ ಅನುಮತಿ ಇರಲಿಲ್ಲ.

ಸೊನ್ನೆ ಅಲ್ಲಿಂದ ಎದ್ದ ಮೇಲೆ ಅವರ ಮನೆ ಎತ್ತರಿಸಲು ಅಡ್ಡಿ ಉಳಿಯಲಿಲ್ಲ. ನೆಲ ಒಣಗಲಿ, ಕೈಯಲ್ಲಿ ಕಾಸು ಕೂಡಲಿ ಎಂದು ಎರಡು ವರ್ಷವಾಗುತ್ತ ಬಂತು. ಬಾಗಿಲಿಗೆ ಮರಳಿನ ಚೀಲ ಅಡ್ಡ ಇಟ್ಟುಕೊಂಡು ಅವರು ಅಲ್ಲೇ ಇದ್ದರು. ಈ ಬೇಸಿಗೆಗೆ ಶುರು ಮಾಡುವುದೆಂದು ಮಗ ನಿರ್ಧರಿಸಿದ್ದರು. ಮಾಸ್ತರರು ಅದಕ್ಕೆ ಬೇಕಾದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೂ ಆಗಿತ್ತು. ಪ್ರತಿ ಯುಗಾದಿಯಂದು ಬೇವು-ಬೆಲ್ಲ ತಿಂದ ಮೇಲೆ ಅವರು ಪೆನ್ಸಿಲು ಮೊನೆ ಮಾಡಿಕೊಂಡು ಬಂದು ನಮ್ಮ ಕಂಬದ ಗೆರೆಯನ್ನು ತಿದ್ದಿ ಹೋಗುತ್ತಿದ್ದರು. ಬಿಸಿಲಿಗೆ ಅದು ಮಾಸುತ್ತಿತ್ತು. “ಗೆರಿ ಎಳೀಬೇಕು, ಗೀಚಬಾರದು” ಎಂದು ನನಗೆ ಪ್ರತಿವರ್ಷ ಹೇಳುತ್ತಿದ್ದರು. ಈ ವರ್ಷದ ಯುಗಾದಿಗೆ ಐದು ದಿನ ಇರುವಾಗ, ಸ್ನಾನ ಮಾಡಿ ಬಂದವರು ಹಣೆಗೆ ಹಚ್ಚಿಕೊಳ್ಳುವ ಮುಂಚೆ ಕೂತಲ್ಲೇ ಹೋದರು. ನಾನು ದೇವದುರ್ಗದಿಂದ ಬಸ್ಸಿನಲ್ಲಿ ಬಂದಿಳಿದಾಗ ಓಣಿ ತುಂಬ ಜನ. ಕುರ್ಚಿಗಳನ್ನು ಸೊಟ್ಟಸೊಟ್ಟ ಹಾಕಿದ್ದರು. ನಾನು ಎರಡು ಸಾಲು ಸರಿಮಾಡಿ ಮನೆಗೆ ಹೋದೆ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಶನಿವಾರ ಸಂಜೆ ಮಗ ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ನೋಟ್‌ಬುಕ್. ಅವ್ವ ಚಹಾ ಕೊಟ್ಟಳು. ಅವರು ತೆಗೆದುಕೊಂಡು ಕುಡಿದರು. ಅಜ್ಜಿ ಅವರ ಬಾಯಿಯನ್ನೇ ನೋಡುತ್ತಿದ್ದಳು. ಎಣಿಸಲು ಬೆರಳು ಮಡಿಸಿಕೊಂಡಿದ್ದವಳು ಮೆಲ್ಲಗೆ ಬಿಚ್ಚಿದಳು.

“ಗೌಂಡಿ ನಾಳೆ ಬರ್ತಾನರೀ,” ಎಂದರು ಮಗ. “ಹೊಸ್ತಿಲಾ ಎಷ್ಟು ಎತ್ತರಸಬೇಕಂತ ಅಪ್ಪ ಬರದಾರ. ಆದ್ರ ನನಗ ತಿಳೀವಲ್ದು. ತಂಗಿಗೆ ತಿಳೀತದಂತ ತಂದೀನಿ.”

ಕೊನೆಯ ಪುಟ ತೆಗೆದು ಕೊಟ್ಟರು. ಮುತ್ತಿನಂಥ ಅಕ್ಷರದಲ್ಲಿ ಒಂದೇ ಸಾಲು. ‘ನಮ್ಮ ಮನೆಯ ಹೊಸ ಹೊಸ್ತಿಲು: ಸೊನ್ನೆ. ಒಂದು ನೂಲು ಮೇಲೂ ಬೇಡ, ಒಂದು ನೂಲು ಕೆಳಗೂ ಬೇಡ.’

ನಾನು ಅದನ್ನು ಓದಿ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. “ನಾಳಿ ಮುಂಜಾನಿ ಎಷ್ಟು ಗಂಟೆಕ್ಕ?” ಎಂದಷ್ಟೇ ಕೇಳಿದರು.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ನಾನು ಪೈಪಿಗೆ ನೀರು ತುಂಬಿದೆ. ಒಳಗಿದ್ದ ಗುಳ್ಳೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ ಹೊರಗೆ ಬಿಟ್ಟೆ. ನಿಲ್ಲುವ ತುದಿಯನ್ನು ಅಪ್ಪನ ಕೈಗೆ ಕೊಟ್ಟು ನಮ್ಮ ಬಾಗಿಲ ಗುರುತಿಗೆ ಹಿಡಿಸಿದೆ. ಇಷ್ಟು ವರ್ಷಗಳಲ್ಲಿ ಅಪ್ಪ ಅದನ್ನು ಮುಟ್ಟಿದ್ದು ಅದೇ ಮೊದಲು. ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡಿದ್ದರು. ನಾನು ಇನ್ನೊಂದು ತುದಿ ಹಿಡಿದು ಎರಡು ಮೆಟ್ಟಿಲು ಇಳಿದು, ರಸ್ತೆ ದಾಟಿ, ಅವರ ಮನೆಯ ಗೋಡೆಯ ಬಳಿ ನಿಂತೆ. ಪೈಪಿನಲ್ಲಿ ನೀರು ಏರಿತು, ಇಳಿಯಿತು.

“ಅಪ್ಪಾ, ಕೂತ್ತೇನು?” ಎಂದು ಕೂಗಿದೆ. ಅಷ್ಟು ಗಟ್ಟಿಯಾಗಿ ನಾನು ಓಣಿಯಲ್ಲಿ ಹಿಂದೆ ಕೂಗಿದ ನೆನಪಿಲ್ಲ.

“ಮಾತಾಡಬ್ಯಾಡ,” ಎಂದರು ಅಪ್ಪ ಆ ಕಡೆಯಿಂದ, ಗುರುತಿನಿಂದ ಕಣ್ಣು ಕೀಳದೆ. “ಕೂಡ್ಲಿ.”

ನಾನು ಮಾತಾಡಲಿಲ್ಲ. ನೀರು ಕೂತಿತು. ಪೆನ್ಸಿಲು ತೆಗೆದು ಅವರ ಗೋಡೆಯ ಮೇಲೆ ಗೆರೆ ಎಳೆದೆ.